ಕಾಕು ತಾವೇ ಹಾಕಿಕೊಂಡ ಹಾರ

ಚೆಂಡುಹೂವಿನ ವಾಸನೆ ಒಮ್ಮೆ ಬೆರಳಿಗೆ ಹತ್ತಿತೆಂದರೆ ಸಾಬೂನು ಹಾಕಿ ತೊಳೆದರೂ ಬಿಡುವುದಿಲ್ಲ. ಈ ಸಲ ದಸರೆಯ ಮುಂಚೆ ಹುಮನಾಬಾದ ಬಸ್‌ಸ್ಟ್ಯಾಂಡಿನ ಹೊರಗೆ ಗೋಣಿತಟ್ಟು ಹಾಸಿ ಹೂವಿನ ರಾಶಿ ಹಾಕಿಕೊಂಡು ಕೂತಿದ್ದ ಹೆಣ್ಣುಮಗಳು, "ತಾಜಾ ಅದಾವ್ರಿ ಅಕ್ಕಾ, ಮುಟ್ಟಿ ನೋಡ್ರಿ" ಎಂದಳು. ಮುಟ್ಟಿ ನೋಡಿದೆ, ಅಷ್ಟೇ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೂ ಆ ಕಟುವಾಸನೆ ಕೈಯಲ್ಲೇ ಇತ್ತು. ಹಿಟ್ಟಿನ ವಾಸನೆಯೂ ಅದರ ಜೊತೆ ಸೇರಿದಾಗ ತಡೆಯಲಾಗಲಿಲ್ಲ. ಬಸವಕಲ್ಯಾಣದ ನಮ್ಮ ಗಿರಣಿ ಕಾಕು ಎದುರಿಗೇ ಬಂದು ನಿಂತಂತಾಯಿತು...

ಮದುವೆಯಾಗಿ ಹುಮನಾಬಾದಿಗೆ ಬರುವ ಮುಂಚೆ ಬಸವಕಲ್ಯಾಣದ ಓಣಿಯಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ ಇತ್ತು. ಪಕ್ಕದ್ದೇ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕುವಿನ ಹಿಟ್ಟಿನ ಗಿರಣಿ. ಸಂಜೆಯಾಗುವಷ್ಟರಲ್ಲಿ ಅವರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಹಣೆಯ ಮೇಲೆ ವಿಭೂತಿ ಎಷ್ಟು, ಜೋಳದ ಹಿಟ್ಟೆಷ್ಟು ಎಂದು ಹೇಳುವುದೇ ಕಷ್ಟ. ಬಾಯಿ ಮಾತ್ರ ಗಿರಣಿಗಿಂತ ಜೋರು. ಬೀಸಿಸಲು ಬಂದವರು ಡಬ್ಬಿಯ ಜೊತೆ ಒಂದೆರಡು ಬೈಗುಳವನ್ನೂ ಮನೆಗೆ ಒಯ್ಯುತ್ತಿದ್ದರು, ಯಾರಿಗೂ ಅದರ ಬೇಸರವಿರಲಿಲ್ಲ.

ಅವರ ಗಂಡ ತೀರಿಕೊಂಡಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳಂತೆ. ಫೋಟೋ ಎನ್ನುವುದು ಒಂದೂ ಇರಲಿಲ್ಲ. ಮತದಾರರ ಚೀಟಿಯ ಮೇಲಿನ ಮಸುಕು ಮುಖವನ್ನೇ ಯಾವುದೋ ಸ್ಟುಡಿಯೋದವನು ದೊಡ್ಡದು ಮಾಡಿ, ಮರ್ಯಾದೆ ಇರಲಿ ಎಂದು ಕೋಟು ಟೈ ತೊಡಿಸಿ ಕೊಟ್ಟಿದ್ದ. ಜನ್ಮದಲ್ಲಿ ಧೋತರ ಬಿಟ್ಟು ಬೇರೆ ಉಡದ ಮನುಷ್ಯ ಗೋಡೆಯ ಮೇಲೆ ಮ್ಯಾನೇಜರನಾಗಿ ಕೂತಿದ್ದ. ಕಾಕು ದಿನಾ ಬೆಳಿಗ್ಗೆ ಅದಕ್ಕೆ ಹೂ ಏರಿಸುತ್ತಿದ್ದರು. ಗಂಡ ಹೋದ ಮೇಲೆ ಅವರು ಹೂ ಮುಟ್ಟುತ್ತಿದ್ದದ್ದು ಅದೊಂದಕ್ಕೇ, ತಲೆಗಲ್ಲ.

"ಈ ಕೋಟಿನ ಮನಷ್ಯಾ ಯಾರೋ ಏನೋ ನಮ್ಮವ್ವಾ. ದಿನಾ ಪರಪುರುಷಗ ಹೂ ಏರಸಾಕತ್ತೇನಿ ನೋಡು" ಎಂದು ಅವರೇ ನಗುತ್ತಿದ್ದರು. ಆದರೆ ಮಗಳು, ಅಪ್ಪ ನಕ್ಕರೆ ಹೇಗೆ ಕಾಣುತ್ತಿದ್ದ ಎಂದು ಕೇಳಿದಾಗ ಮಾತ್ರ ಅವರ ಬಾಯಿ ಕಟ್ಟುತ್ತಿತ್ತು. ಹೇಳಿ ತೋರಿಸುವಂಥದ್ದೇ ಅದು?

ಇಷ್ಟಾದರೂ ತಾವು ಫೋಟೋ ತೆಗೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಮದುವೆ ಮನೆಯಲ್ಲಿ ಕ್ಯಾಮೆರಾ ಕಂಡರೆ ಕಂಬದ ಹಿಂದೆ. ಫೋಟೋ ಎಂದರೆ ಮುಂದೊಂದು ದಿನದ ಹೂವಿಗೆ ಈಗಲೇ ಜಾಗ ಮಾಡಿಟ್ಟಂತೆ ಎಂದು ಅವರ ವಾದ.

ನನಗೆ ಅಣ್ಣನ ಹಳೆಯ ಕ್ಯಾಮೆರಾ ಸಿಕ್ಕಿ, ಫೋಟೋ ಹುಚ್ಚು ಹಿಡಿದದ್ದು ಆ ದಿನಗಳಲ್ಲೇ. ಊರಿನಲ್ಲಿ ನನ್ನಂಥ ಹುಚ್ಚರು ಸೇರಿ ಒಂದು ಬಳಗ ಮಾಡಿಕೊಂಡಿದ್ದೆವು. ಕಿರಾಣಿ ಅಂಗಡಿಯವರು, ಮಾಸ್ತರರು, ಬರೀ ಮೊಬೈಲ್ ಹಿಡಿದು ಬರುವವರು... ಆಗಲೇ ನಗರಸಭೆಯ ಉದ್ಯಾನ ವಿಭಾಗದ ಸಾಹೇಬರು ನಮ್ಮನ್ನು ಕರೆಸಿದರು. ಉದ್ಯಾನಕ್ಕೆ ಜನ ಬರುವುದೇ ಬಿಟ್ಟಿದ್ದರು, ಕರಿಕೆ ಹುಲ್ಲು ಬೆಳೆದು ಬೆಂಚು ಮುಚ್ಚಿದ್ದವು. "ನೀವು ಇಲ್ಲಿಗೆ ಬರೋ ಮಂದಿ ಫೋಟೋ ಹೊಡೀರಿ, ನಾವು ಕಟ್ಟು ಹಾಕಿಸಿ ಸುತ್ತಲಿನ ಕಬ್ಬಿಣದ ಕಟಾಂಜನಕ್ಕ ತೂಗಹಾಕ್ತೀವಿ. ತಮ್ಮ ಮಾರಿ ನೋಡಾಕರ ಬರ್ತಾರ" ಎಂದರು. ಮಾತು ಖರೆ ಅನ್ನಿಸಿತು. ಭಾನುವಾರ ಬೆಳಿಗ್ಗೆ ನಾವು ಕ್ಯಾಮೆರಾ ಹಿಡಿದು ಹಾಜರು. ಇಲಾಖೆಯ ಮಾಲಿ ಕರಿಕೆ ಕಿತ್ತು ಚೆಂಡುಹೂ ಹಚ್ಚಿದ.

ಶುಗರ್ ಇದೆ, ನಡೆದಾಡಿ ಎಂದು ಡಾಕ್ಟರು ಹೇಳಿದ್ದರಿಂದ ಕಾಕುವೂ ಗಿರಣಿ ತೆರೆಯುವ ಮುಂಚೆ ಅಲ್ಲಿಗೆ ಬರುತ್ತಿದ್ದರು. ನಡೆದದ್ದು ಕಡಿಮೆ, ಚೆಂಡುಹೂವಿನ ಪಕ್ಕದ ಬೆಂಚಿನಲ್ಲಿ ಕೂತು ನಮ್ಮನ್ನು ಕಾಡಿದ್ದೇ ಹೆಚ್ಚು. ನಮ್ಮ ಮಾಸ್ತರರು ಒಮ್ಮೆ ಇರುವೆಯ ಫೋಟೋಗೆಂದು ನೆಲದ ಮೇಲೆ ಬೋರಲು ಮಲಗಿದ್ದಾಗ ಕಾಕು ಕೂಗಿಕೊಂಡರು. "ಅಯ್ಯ, ಮಾಸ್ತರ್ ಬಿದ್ರು ನೋಡ್ರಿ! ಯಾರರ ನೀರ್ ಹೊಡೀರಿ!"

ಒಂದು ಭಾನುವಾರ ಅವರೇ ನನ್ನನ್ನು ಹತ್ತಿರ ಕರೆದರು. ಸೆರಗು ಸರಿ ಮಾಡಿಕೊಂಡು, "ಒಂದ್ ಹೊಡಿ ನೋಡೂಣು" ಎಂದರು. ನನಗೆ ನಂಬಿಕೆಯೇ ಬರಲಿಲ್ಲ. "ನಾ ನನ್ನಂಗ ಕಾಣಬೇಕ್ ನೋಡವ್ವಾ. ಕೋಟು ಗೀಟು ತೊಡಸಬ್ಯಾಡ" ಎಂದರು. ಅಷ್ಟರಲ್ಲಿ ಮಾಸ್ತರರು ಮತ್ತೆ ಯಾವುದೋ ಹುಳದ ಮುಂದೆ ಮಲಗಿದರು, ಕಾಕು ನಕ್ಕರು, ನಾನು ಒತ್ತಿಬಿಟ್ಟೆ. ಆ ಫೋಟೋದಲ್ಲಿ ಕಾಕು ಕಾಕುವಿನಂತೆಯೇ ಇದ್ದರು. ಯಾಕೆ ಮನಸ್ಸು ಬದಲಾಯಿತು ಎಂದು ನಾನು ಕೇಳಲಿಲ್ಲ. ನನಗೆ ಖುಷಿಯೇ ಖುಷಿ.

ಪ್ರದರ್ಶನದ ದಿನ ಬಂತು. ಹಿಂದಿನ ದಿನ ಸಾಹೇಬರು ಫೋನಿನಲ್ಲಿ ಮಾಲಿಗೆ, "ಎಲ್ಲಾರಿಗೂ ಹಾರ ತಯಾರ ಇಡು" ಎಂದಿದ್ದರಂತೆ. ಅವರು ಹೇಳಿದ್ದು ವೇದಿಕೆಯ ಮೇಲೆ ಕೂರುವವರ ಮಾತು. ಮಾಲಿ ಎಲ್ಲರಿಗೂ ಎಂದರೆ ಎಲ್ಲರಿಗೂ ಎಂದುಕೊಂಡ. ತಾನೇ ಬೆಳೆಸಿದ ಚೆಂಡುಹೂವನ್ನು ನಸುಕಿನಲ್ಲೇ ಕಿತ್ತು, ಪೋಣಿಸಿ, ಕಟಾಂಜನದ ಮೇಲಿದ್ದ ಪ್ರತಿ ಫೋಟೋಗೂ ಒಂದೊಂದು ಹಾರ ಹಾಕಿಬಿಟ್ಟಿದ್ದ!

ಮುಂದಿನದ್ದನ್ನು ಏನು ಹೇಳಲಿ. ಗಟ್ಟಿಮುಟ್ಟಾಗಿ ನಡೆದು ಬಂದ ಅಜ್ಜ ತನ್ನದೇ ಫೋಟೋಗೆ ಹಾರ ನೋಡಿ ಎದೆ ಹಿಡಿದುಕೊಂಡು ಕೂತ. ಒಬ್ಬ ಸೊಸೆ ಅತ್ತೆಯ ಫೋಟೋ ಮುಂದೆ ಗೊಳೋ ಎಂದು ಅತ್ತಳು, ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಅಪಶಕುನ, ಫೋಟೋ ಕಿತ್ತು ಕೊಡಿ ಎಂದು ಗದ್ದಲವೆದ್ದಿತು. ಸಾಹೇಬರ ಮುಖ ಕಪ್ಪಿಟ್ಟಿತು. "ಮರ್ಯಾದಿಗಂತ ಹಾಕಿದೆನ್ರಿ, ಖರೇನ ಮರ್ಯಾದಿಗಂತ ಹಾಕಿದೆ" ಎಂದು ಮಾಲಿ ಎಲ್ಲರಿಗೂ ಕೈ ಮುಗಿಯುತ್ತಿದ್ದ.

ಆಗ ಕಾಕು ಬಂದರು. ತಮ್ಮ ಫೋಟೋ ಎದುರು ನಿಂತರು. ಬಹಳ ಹೊತ್ತೇ ನಿಂತರು ಅನ್ನಿಸುತ್ತದೆ... ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾವು ಕಾದೆವು. ಅವರು ಕೈ ಚಾಚಿ ಹಾರ ತೆಗೆದರು. ತೆಗೆದು ತಮ್ಮ ಕೊರಳಿಗೇ ಹಾಕಿಕೊಂಡರು.

"ಕೊರಳಿಗಿ ಬಿದ್ರ ಸತ್ಕಾರ, ಫೋಟೋಕ್ಕ ಬಿದ್ರ ಪುಣ್ಯತಿಥಿ. ಹಾಕ್ಕೊರ್ರಿ ಎಲ್ಲಾರೂ, ಬಾಡಿ ಹೋಗ್ತಾವ!"

ಮೊದಲು ಅಜ್ಜ ನಕ್ಕ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಹಾರ ತೆಗೆದು ಹಾಕಿಕೊಂಡರು. ಇಡೀ ಉದ್ಯಾನದ ತುಂಬ ಕೊರಳಲ್ಲಿ ಚೆಂಡುಹೂ ಹಾಕಿಕೊಂಡ ಮಂದಿ, ಮದುವೆ ದಿಬ್ಬಣ ಬಂದು ಇಳಿದಂತೆ. ಎಷ್ಟೋ ವರ್ಷದಿಂದ ಹೂ ಮುಡಿಯದ ಕಾಕು ಎಲ್ಲರ ನಡುವೆ ನಿಂತಿದ್ದರು, ಗಂಡನಿಲ್ಲದವಳಿಗೆ ಹೂವೇ ಎಂದು ಯಾರೂ ಕೊಂಕು ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ಹಿಂಗ ಒಂದ್ ಹೊಡಿ" ಎಂದರು. ಹೊಡೆದೆ.

ಸೊಲ್ಲಾಪುರದ ದವಾಖಾನೆಯವರು ಕಾಕುವಿಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಹೇಳಿ ಕಳಿಸಿದ್ದು ಅದಕ್ಕೂ ಮುಂಚೆಯೇ. ಮೊದಲ ಫೋಟೋಕ್ಕೂ ಮುಂಚೆ. ಮಗಳಿಗೂ ಹೇಳಿರಲಿಲ್ಲ, ನಮಗೆ ಎಲ್ಲಿಂದ ಗೊತ್ತಾಗಬೇಕು? ಆ ಚಳಿಗಾಲ ಮುಗಿಯುವ ಮುಂಚೆಯೇ ಗಿರಣಿಯ ಸದ್ದು ನಿಂತಿತು. ಮಣ್ಣು ಕೊಟ್ಟು ಬಂದ ಮೇಲೆ, ಕೊನೆಯ ದಿನಗಳಲ್ಲಷ್ಟೇ ವಿಷಯ ತಿಳಿದಿದ್ದ ಮಗಳು ಎಲ್ಲ ಹೇಳಿದಾಗ ನನಗೆ ನೆನಪಾದದ್ದು ಎರಡೇ. ಹಾರ ಹಾಕಿದ ತಮ್ಮದೇ ಫೋಟೋದ ಎದುರು ಅವರು ಸುಮ್ಮನೆ ನಿಂತಿದ್ದ ಆ ಹೊತ್ತು. ನಾವೆಲ್ಲ ತಮಾಷೆ ಎಂದು ನಕ್ಕ ಆ ಮಾತು.

ನಮ್ಮ ಬಳಗವೂ ಮೆಲ್ಲಗೆ ಚದುರಿತು. ಸಾಹೇಬರಿಗೆ ವರ್ಗವಾಯಿತು, ಚೆಂಡುಹೂವಿನ ಜಾಗದಲ್ಲಿ ಈಗ ಕಲ್ಲು ಹಾಸಿದ್ದಾರೆ. ಕಟಾಂಜನದ ಕೊಕ್ಕೆಗಳು ಮಾತ್ರ ತುಕ್ಕು ಹಿಡಿದು ಹಾಗೇ ಇವೆ.

ಬೆರಳಿನ ಆ ವಾಸನೆ ನನ್ನನ್ನು ಮಲಗಗೊಡಲಿಲ್ಲ. ಮರುದಿನ ಅದೇ ಹೂವಿನವಳ ಬಳಿ ಒಂದು ದೊಡ್ಡ ಹಾರ ಕಟ್ಟಿಸಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಗಿರಣಿಯನ್ನು ಈಗ ಮಗಳೇ ನಡೆಸುತ್ತಾಳೆ. ಹುಬ್ಬಿನ ಮೇಲೆ ಅದೇ ಹಿಟ್ಟು. ಒಳಗಿನ ಗೋಡೆಯ ಮೇಲೆ ಕೋಟಿನ ಮನುಷ್ಯ, ಪಕ್ಕದಲ್ಲಿ ಕಾಕು, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ನಗುತ್ತಿರುವ ಕಾಕು.

ನಾನು ಚೀಲದಿಂದ ಹಾರ ತೆಗೆದೆ. ಮಗಳು ಮೆಲ್ಲಗೆ ನನ್ನ ಕೈ ಹಿಡಿದಳು.

"ಅವ್ವಗ ಬ್ಯಾಡ್ರಿ ಅಕ್ಕಾ. 'ನಂದು ನಾನ ಹಾಕ್ಕೊಂಡೀನಿ, ಮತ್ತ ಯಾರೂ ಹಾಕಬ್ಯಾಡ್ರಿ' ಅಂತ ಹೇಳಿ ಹೋಗ್ಯಾಳ."

ನನ್ನ ಕೈಯಿಂದ ಹಾರ ತೆಗೆದುಕೊಂಡು ಅಪ್ಪನ ಫೋಟೋಕ್ಕೆ ಹಾಕಿದಳು. ಹೊರಗೆ ಯಾರೋ ಡಬ್ಬಿ ಹಿಡಿದು ಕೂಗಿದರು, ಹೋದಳು. ನಾನು ಬರಿಗೈಯಲ್ಲಿ ಗೋಡೆಯ ಎದುರು ನಿಂತೆ. ಕಾಕು ನಗುತ್ತಲೇ ಇದ್ದರು. ಅವರಿಗೆ ಹೂ ಬೇಕಾಗಿರಲಿಲ್ಲ, ಖರೆ. ಹಾಕುವುದು ನನಗೆ ಬೇಕಾಗಿತ್ತು.