ಹೊಡೆದ ಮೇಲೆ ಎಳೆದ ಗೆರೆ

ನೈರೋಬಿಯ ಅಪ್ಪರ್ ಹಿಲ್‌ನಲ್ಲಿರುವ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೊನ್ನೆ ಅಮೆರಿಕದ ಸಹೋದ್ಯೋಗಿಯೊಬ್ಬ ನನ್ನ ಅನ್ನ-ಸಾರಿನ ಡಬ್ಬಿಯ ಪಕ್ಕದಲ್ಲಿ ತನ್ನ ಫೋನ್ ಇಟ್ಟು ಒಂದು ಫೋಟೊ ತೋರಿಸಿದ. ಮರದ ಚೌಕಟ್ಟಿಗೆ ಬಡಿದ ದೊಡ್ಡ ಹಾಳೆ. ಅದರ ಮೇಲೆ ಟರ್ಕಿ ಕೋಳಿಯ ತಲೆ ಮತ್ತು ಕತ್ತಿನ ಚಿತ್ರ. ಸುತ್ತ ಸಾಸಿವೆ ಚೆಲ್ಲಿದ ಹಾಗೆ ತೂತುಗಳು. ಊರಿಗೆ ರಜೆಯ ಮೇಲೆ ಹೋದಾಗ ಟರ್ಕಿ ಬೇಟೆಗೆ ಕೋವಿ ಸಜ್ಜು ಮಾಡಿಕೊಂಡದ್ದಂತೆ. ನಾನು ಬೆಚ್ಚಿ ಬೀಳುತ್ತೇನೆಂದು ಅವನು ಕಾದಿದ್ದ. ನಾನು ಚಮಚ ಕೆಳಗಿಟ್ಟು, "ಚೋಕ್ ಚೆನ್ನಾಗಿ ಬಿಗಿಯಾಗಿದೆ, ಆದರೆ ಚರೆಯ ಗುಂಪು ಸ್ವಲ್ಪ ಮೇಲೆ ಬಿದ್ದಿದೆ" ಎಂದೆ.

ಅವನ ಮುಖವನ್ನು ನೀವು ನೋಡಬೇಕಿತ್ತು. ಮೊಟ್ಟೆ ಹಾಕಿದ ಕೇಕನ್ನು ಮೂಸಿ ನೋಡಿ ಪಕ್ಕಕ್ಕಿಡುವ, ಬ್ಯಾಂಕಿನ ಸಾಫ್ಟ್‌ವೇರಿನ ಹುಣ್ಣುಗಳಿಗೆ ಮುಲಾಮು ಹಚ್ಚುವುದೇ ಕೆಲಸವಾಗಿರುವ ಮೈಸೂರಿನವನ ಬಾಯಲ್ಲಿ ಇಂಥ ಮಾತು! ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಕೋವಿಯ ಬಗ್ಗೆ ಗೊತ್ತಿರುವುದು ಅಷ್ಟೇ. ಅದೂ ಬೊಳ್ಳಮ್ಮ ಆಂಟಿಯಿಂದ ಬಂದದ್ದು.

ಆಂಟಿಯನ್ನು ನಾನು ಮೊದಲು ಕಂಡದ್ದು ಕನ್ನಡದವರ ಗಣೇಶನ ಹಬ್ಬದಲ್ಲಿ. ಅವರ ಗಂಡ ಚಂಗಪ್ಪ ಅಂಕಲ್ ರಟ್ಟಿನ ಪೆಟ್ಟಿಗೆ ಮಾಡುವ ಫ್ಯಾಕ್ಟರಿಯೊಂದರ ಮ್ಯಾನೇಜರ್. ಆಂಟಿ ಕ್ಲಬ್ಬಿನಲ್ಲಿ ಕೋವಿ ಹೊಡೆಯುತ್ತಾರೆಂದು ಯಾರೋ ಹೇಳಿದಾಗ ನಾನು ಜಾಣತನ ತೋರಿಸಲು ಹೋಗಿ, "ಕೊಡಗಿನವರಲ್ವಾ ಆಂಟಿ, ಹುಟ್ತಾನೇ ಕೋವಿ ಹಿಡ್ಕೊಂಡು ಬಂದಿರ್ತೀರಿ" ಎಂದೆ.

"ಕೋವಿ ನಮ್ಮ ಅಣ್ಣಂದಿರ ಕೈಲಿತ್ತು, ನನ್ನ ಕೈಲಿ ಸೌಟಿತ್ತು" ಎಂದರು ಆಂಟಿ, ನನ್ನ ತಟ್ಟೆಗೆ ಪುಳಿಯೋಗರೆ ಬಡಿಸುತ್ತಲೇ. "ಹೊಡೆಯೋದು ಕಲ್ತಿದ್ದು ನೈರೋಬಿಲಿ. ನಲವತ್ತು ದಾಟಿದ್ಮೇಲೆ."

ಹೀಗೆ ಶುರುವಾಯಿತು ಎಂದು ಬರೆದುಬಿಟ್ಟೆ. ನಿಜವಾಗಿ ಶುರುವಾದದ್ದು ಹೀಗಲ್ಲದೆ ಇರಬಹುದು. ಪುಳಿಯೋಗರೆ ಇನ್ನಾವುದೋ ವರ್ಷದ್ದಿರಬಹುದು. ನೆನಪು ಕೈಗೆ ಸಿಕ್ಕಿದ ಪಾತ್ರೆಯಲ್ಲಿ ಬಡಿಸುತ್ತದೆ. ನೀವು ತಿನ್ನುವಾಗ ಪಾತ್ರೆಯನ್ನು ಹೆಚ್ಚು ನಂಬಬೇಡಿ.

ಕೀನ್ಯಾದಲ್ಲಿ ಪ್ರಾಣಿಗಳ ಬೇಟೆ ನಿಂತು ಎಷ್ಟೋ ಕಾಲವಾಯಿತು. ಪರವಾನಗಿ ಇದ್ದವರು ಋತುವಿನಲ್ಲಿ ಕೆಲವು ಹಕ್ಕಿಗಳನ್ನು ಹೊಡೆಯಬಹುದು, ಅಷ್ಟೇ. ವರ್ಷಕ್ಕೊಮ್ಮೆ ಆಂಟಿ ಕ್ಲಬ್ಬಿನವರ ಜೊತೆ ಗಿನಿ ಕೋಳಿ ಹೊಡೆಯಲು ಹೋಗುತ್ತಿದ್ದರು. ಒಂದು ವರ್ಷ ಪರದೆ ಬದಲಿಸಲು ಕುರ್ಚಿ ಹತ್ತಿ ಬಿದ್ದು ಬಲಭುಜ ಮುರಿದುಕೊಂಡರು. ಒಳಗೆ ಪ್ಲೇಟು ಹಾಕಿದರು. ತಿಂಗಳುಗಳಾದ ಮೇಲೆ ಡಾಕ್ಟರು, ಕೋವಿ ಹಿಡಿಯಬಹುದು ಎಂದರು. ಅಂಕಲ್ ಮಾತ್ರ, "ಮಾರಿಬಿಡು. ಆ ಭುಜಕ್ಕೆ ಒದೆಸಿಕೊಳ್ಳೋದು ಯಾಕೆ?" ಎಂದು ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಹೇಳುತ್ತಿದ್ದರು.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಹಾಳೆಗೆ ಹೊಡೆದು ನೋಡುವುದು. ಹಾಳೆ ಸರಿ ಎಂದರೆ ಆಂಟಿ ಬೇಟೆಗೆ ಹೋಗುವುದು, ಇಲ್ಲವೆಂದರೆ ಇಲ್ಲ. "ಚರೆಗುಂಡಿನ ಗುಂಪಿನ ಅಂಚು ತಾಗಿದ ಹಕ್ಕಿ ಬೀಳಲ್ಲ ಕಣೋ" ಎಂದು ಆಂಟಿ ನನಗೆ ವಿವರಿಸಿದರು. "ಹಾರಿಹೋಗಿ ಪೊದೆಯಲ್ಲಿ ಎರಡು ದಿನ ಸಾಯ್ತಾ ಇರತ್ತೆ. ಹಾಗೆ ಒಂದನ್ನೂ ಬಿಟ್ಟು ಬಂದಿಲ್ಲ ನಾನು. ಇನ್ಮೇಲೆ ಬಿಡೋ ಹಾಗಿದ್ರೆ, ಹೊಡೆಯೋದೇ ಬೇಡ."

ಥಿಕಾ ರಸ್ತೆಯ ಕಡೆ, ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಒಂದು ಭಾನುವಾರ ಮೂವರೂ ಹೋದೆವು. ಅಂಕಲ್ ಫ್ಯಾಕ್ಟರಿಯಿಂದ ಕಂದು ಕಾಗದದ ಸುರುಳಿ ತಂದಿದ್ದರು. ನನ್ನನ್ನು ಕರೆದದ್ದು ತೂತು ಎಣಿಸಲು. "ನೀನು ಬ್ಯಾಂಕಿನವನು, ಎಣಿಸೋದ್ರಲ್ಲಿ ಬೇಜಾರಾಗಲ್ಲ ನಿಂಗೆ" ಎಂದಿದ್ದರು ಅಂಕಲ್. ಕಾಗದದ ನಡುವೆ ಕರಿ ಚುಕ್ಕೆ ಇಟ್ಟು, ಮೂವತ್ತು ಮೀಟರ್ ಆಚೆ ಚೌಕಟ್ಟಿಗೆ ಬಿಗಿದು, ಆಂಟಿಯ ಹಿಂದೆ ಬಂದು ನಿಂತೆವು. ಕ್ಲಬ್ಬಿನ ಮೇಲ್ವಿಚಾರಕ "ಸವಾ?" ಎಂದ, ಸರಿಯಾ ಎಂಬಂತೆ. "ಸವಾ" ಎಂದರು ಆಂಟಿ. ಹೊಡೆದರು.

ಕೋವಿಯನ್ನು ನಡುವೆ ಮಡಚಿ ತೆರೆದು, ಖಾಲಿ ಮಾಡಿ, ಕಟ್ಟೆಯ ಮೇಲಿಟ್ಟ ಮೇಲೆ ಹಾಳೆಯ ಹತ್ತಿರ ಹೋದೆವು. ನಾನು ದಾರಕ್ಕೆ ಕಟ್ಟಿದ ಮಾರ್ಕರಿನಿಂದ, ತೂತುಗಳು ಎಲ್ಲಿ ದಟ್ಟವಾಗಿದ್ದವೋ ಅಲ್ಲಿ ಎರಡೂವರೆ ಅಡಿಯ ವೃತ್ತ ಎಳೆದೆ. ಹಾಗೆ ಮಾಡಬೇಕೆಂದು ಹಿಂದಿನ ರಾತ್ರಿ ವಿಡಿಯೊ ನೋಡಿ ಕಲಿತಿದ್ದೆ. ಎಣಿಸಿದೆ. "ಮುಕ್ಕಾಲು ಪಾಲಿಗಿಂತ ಜಾಸ್ತಿ ಒಳಗೇ ಇದೆ. ಪಾಸು ಆಂಟಿ!"

ಆಂಟಿ ನಕ್ಕರು. "ಪಾಸಾಗಿರೋದು ಕೋವಿ. ನಾನೆಲ್ಲಿ ಪಾಸಾದೆ?" ಅವರ ಬೆರಳು ಕರಿ ಚುಕ್ಕೆಯ ಮೇಲಿತ್ತು. ಚುಕ್ಕೆ ನನ್ನ ವೃತ್ತದ ಆಚೆ ಉಳಿದಿತ್ತು. ಗುಂಪು ಪೂರ್ತಿ ಎಡಕ್ಕೆ, ಎರಡು ಗೇಣು. "ಹೊಡೆದ ಮೇಲೆ ಗೆರೆ ಎಳೆದ್ರೆ ಎಲ್ರೂ ಚಾಂಪಿಯನ್ನೇ."

ಅಂದರೆ ಹಾಳೆ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಚರೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದು ಒಂದು. ಅದು ತೋಟೆಯ ಮತ್ತು ನಳಿಕೆಯ ಬಾಯಿಗೆ ತಿರುಗಿಸಿ ಕೂರಿಸುವ ಚೋಕ್ ಎಂಬ ಸಣ್ಣ ಕೊಳವೆಯ ವ್ಯವಹಾರ. ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು. ಅದು ಹಿಡಿದವರ ಮೈಯ ವ್ಯವಹಾರ. ವೃತ್ತದ ಈ ಸಂಗತಿಯನ್ನು ನೆನಪಿಗೂ ಹೋಲಿಸಿ ಒಂದು ಪುಟ ತುಂಬಿಸಬಹುದಿತ್ತು. ಮನಸ್ಸಾಗುತ್ತಿದೆ ಕೂಡ. ಬೇಡ, ಆಂಟಿ ಅಲ್ಲಿ ಬಿಸಿಲಲ್ಲಿ ನಿಂತಿದ್ದಾರೆ.

ಅವರು ಚೋಕ್ ಬದಲಿಸಿದರು. ಗುಂಪು ಅಗಲವಾಯಿತು, ಎಡಕ್ಕೇ ಇತ್ತು. ಬೇರೆ ತೋಟೆ ಹಾಕಿದರು. ಒತ್ತಾಯಿತು, ಎಡಕ್ಕೇ ಇತ್ತು. ಆಮೇಲೆ ಕೋವಿಯ ಹಿಡಿಯ ತುದಿಯ ರಬ್ಬರ್ ಮೆತ್ತೆಯನ್ನು ಬಿಚ್ಚಿ, ಅದರ ಹಿಂದಿದ್ದ ಒಂದು ಬಿಲ್ಲೆಯನ್ನು ತೆಗೆದು, ಮತ್ತೆ ಮೆತ್ತೆಯನ್ನು ಕೂರಿಸಿದರು. ಭುಜ ಮೊದಲಿನಷ್ಟು ಹಿಂದಕ್ಕೆ ತೆರೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಕೋವಿ ಉದ್ದವಾಗಿ, ಭುಜದ ಗುಳಿ ತಪ್ಪಿ ತೋಳಿನ ಮೇಲೆ ಕೂರುತ್ತಿತ್ತು, ಮೂತಿ ಎಡಕ್ಕೆ ತಿರುಗುತ್ತಿತ್ತು. ಈಗ ಗಿಡ್ಡವಾಯಿತು. ನಿಧಾನವಾಗಿ ಭುಜಕ್ಕೇರಿಸಿ, ಕೆನ್ನೆ ಒತ್ತಿ, ಉಸಿರು ಬಿಟ್ಟು ಹೊಡೆದರು. ಕರಿ ಚುಕ್ಕೆ ಚಿಂದಿಯಾಗಿತ್ತು.

ನಾನು ಚಪ್ಪಾಳೆ ತಟ್ಟಿದೆ. ಫ್ಲಾಸ್ಕಿನ ಚಹಾ, ಮಂದಾಜಿ ಎಂಬ ಇಲ್ಲಿನ ಕರಿದ ಬನ್ನು ತೆಗೆದೆ.

"ಇದು ಟರ್ಕಿ ಕೋಳಿಗೆ ಸರಿ, ಅದು ನಿಂತಿರತ್ತೆ" ಎಂದರು ಆಂಟಿ. "ನಂದು ಕಾಲಡಿಯಿಂದ ಎದ್ದು ಹಾರತ್ತೆ. ರೀ, ಹೊಸ ಹಾಳೆ ಹಾಕಿ. ನಾನು ಕೋವಿ ಕೆಳಗೆ ಹಿಡಿದು ನಿಂತಿರ್ತೀನಿ, ನಿಮಗೆ ಬೇಕಾದಾಗ 'ಹಕ್ಕಿ' ಅನ್ನಿ."

ಅಂಕಲ್ ಹಿಂದೆ ನಿಂತರು. "ಹಕ್ಕಿ!" ಢಂ. ನಡುವಿಗೇ. ಇನ್ನೊಂದು ಹಾಳೆ. "ಹಕ್ಕಿ!" ನಡುವಿಗೇ. ಮೂರನೆಯದಕ್ಕೆ ಆಂಟಿ ಹೊಡೆಯದೆ ಕೋವಿ ಇಳಿಸಿ, ತೋಟೆ ತೆಗೆದು, ತಿರುಗಿ ನೋಡಿದರು.

"ರೀ, ನೀವು ಕಾಯ್ತಾ ಇದ್ದೀರಿ."

"ಏನು ಕಾಯೋದು?"

"ನಾನು ತಡೀಲಾರ್ದೆ ಮೊದ್ಲೇ ಮೆಲ್ಲಗೆ ಎತ್ತೋದನ್ನ ನೋಡ್ಕೊಂಡು, ಕೆನ್ನೆ ಕೂತ್ಮೇಲೆ ಕೂಗ್ತಾ ಇದ್ದೀರಿ. ಗಿನಿ ಕೋಳಿ ನನ್ನ ಗಂಡನಾ, ಕಾಯೋದಕ್ಕೆ?"

ವರ್ಷವೆಲ್ಲ ಮಾರು ಮಾರು ಎಂದಿದ್ದ ಮನುಷ್ಯ ಕಿವಿಯ ಮುಚ್ಚಳವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನೀನು ಕೂಗೋ" ಎಂದರು ಆಂಟಿ ನನಗೆ.

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ, ಆಂಟಿ ಸಿದ್ಧರಾಗಿ ಮುಂದೆ ನೋಡುವವರೆಗೂ ಕಾದು, ಕೋವಿ ಕೆಳಗಿದ್ದಾಗಲೇ ನ್ಯಾಯವಾಗಿ ಕೂಗುತ್ತೇನೆ. ಇನ್ನೊಂದರಲ್ಲಿ, ಅವರು ಗಂಡನನ್ನು ಅಣಕಿಸುತ್ತ ಅರ್ಧ ನಗುತ್ತಿರುವಾಗಲೇ ಕೂಗಿಬಿಡುತ್ತೇನೆ. ಎರಡರಲ್ಲೂ ಬಿಸಿಲು, ಸುಟ್ಟ ಮದ್ದಿನ ವಾಸನೆ ಒಂದೇ. ಹಾಳೆಯೂ ಒಂದೇ: ಎಡಕ್ಕೆ ಎರಡು ಗೇಣು. ಮತ್ತೆ ಕೂಗಿದೆ. ಮತ್ತೆ ಎರಡು ಗೇಣು.

"ಗಾಳಿ ಬೀಸ್ತು" ಎಂದರು ಅಂಕಲ್.

"ಗಾಳಿ ಇರ್ಲಿಲ್ಲ ರೀ."

"ಇತ್ತು. ನಾನೇ ನೋಡ್ದೆ. ಇನ್ನೊಂದು ಹೊಡಿ. ಕಾಗದ ಬೇಕಾದಷ್ಟಿದೆ."

"ಬೇಡ" ಎಂದರು ಆಂಟಿ. ಹಾಳೆಯನ್ನು ಸೀರೆ ಮಡಿಸಿದ ಹಾಗೆ ಮಡಿಸಿದರು. ಆ ವರ್ಷ ಬೇಟೆಗೆ ಹೋಗಲಿಲ್ಲ. ಮುಂದಿನ ವರ್ಷವೂ ಇಲ್ಲ. ಕೋವಿಯನ್ನು ಮಾತ್ರ ಮಾರಲಿಲ್ಲ. ಮಾರುವ ಮಾತನ್ನು ಅಂಕಲ್ ಮತ್ತೆ ಎತ್ತಲಿಲ್ಲ.

ಕ್ಯಾಂಟೀನಿನಲ್ಲಿ ಇದನ್ನೆಲ್ಲ ಹೇಳಿದಾಗ ಸಹೋದ್ಯೋಗಿ ತಲೆದೂಗಿದ. ಹೇಳುವಾಗ ನಾನು ಮೊದಲನೆಯ ನೆನಪನ್ನೇ, ನ್ಯಾಯವಾಗಿ ಕೂಗಿದ್ದನ್ನೇ ಹೇಳಿದ್ದೆ. ಕತೆ ಚೆನ್ನಾಗಿ ಕೂತುಬಿಟ್ಟಿತು, ಅದೇ ನನಗೆ ಸರಿಬರಲಿಲ್ಲ. ಸಂಜೆ ಕಿಲಿಮಾನಿಯ ಮನೆಗೆ ಬಂದು ಆಂಟಿಗೆ ಫೋನ್ ಮಾಡಿದೆ. "ಆವತ್ತು ನಾನು ಕೂಗಿದ್ದು ಸರಿಯಾಗಿತ್ತಾ ಆಂಟಿ? ತೀರಾ ಬೇಗ ಕೂಗಿದ್ನಾ?"

"ಅಯ್ಯೋ, ಅದನ್ನ ಇನ್ನೂ ತಲೇಲಿ ಇಟ್ಕೊಂಡಿದ್ದೀಯಾ? ನಿಂಗೇ ಗೊತ್ತಿಲ್ಲ ಅಂದ್ರೆ ನಂಗೇನು ಗೊತ್ತು? ಹೇಗೂ ಭುಜದ ವ್ಯಾಯಾಮ ಮಾಡ್ತಾ ಇದ್ದೀನಿ. ಭಾನುವಾರ ಕ್ಲಬ್ಬಿಗೆ ಬಾ, ನೋಡೇ ಬಿಡೋಣ."

ಹೋದೆ. ಆಂಟಿ ಕೋವಿ ಕೆಳಗೆ ಹಿಡಿದು ನಿಂತರು. ಅಂಕಲ್ ಪಕ್ಕಕ್ಕೆ ಸರಿದು, ಕೂಗುವ ಜಾಗವನ್ನು ನನಗೆ ಬಿಟ್ಟರು. ನಾನು ಆಂಟಿಗೆ ಬೆನ್ನು ಹಾಕಿ, ಕಾರು ನಿಲ್ಲಿಸಿದ ಕಡೆ ಮುಖ ಮಾಡಿ ನಿಂತೆ. ಕೋವಿ ಸೊಂಟದ ಹತ್ತಿರ ಇದೆಯೋ, ಭುಜಕ್ಕೆ ಬಂದಿದೆಯೋ, ಆಂಟಿ ನಗುತ್ತಿದ್ದಾರೋ ನನಗೆ ಕಾಣುವಂತಿರಲಿಲ್ಲ. ಒಂದು ಕಾರಿನ ಬಾಗಿಲು ಮುಚ್ಚಿತು. ಯಾರೋ ಯಾರಿಗೋ ಅಸಾಂಟೆ ಎಂದು ಧನ್ಯವಾದ ಹೇಳಿದರು. ಯಾವುದಕ್ಕೂ ಸಂಬಂಧವಿಲ್ಲದ ಒಂದು ಕ್ಷಣದಲ್ಲಿ "ಹಕ್ಕಿ!" ಎಂದೆ.

ಢಂ.

ಕೋವಿ ಖಾಲಿ ಮಾಡಿಟ್ಟ ಮೇಲೆ ಹಾಳೆಯ ಹತ್ತಿರ ಹೋದವರು ಅಂಕಲ್ ಒಬ್ಬರೇ. ಬಹಳ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದರು.

"ಏನ್ರೀ?" ಆಂಟಿ ಕೂಗಿದರು.

ಅವರು ಕೈ ಅಗಲಿಸಿ ಹಾಳೆಯ ಮೇಲಿಟ್ಟು ಅಳೆದರು. ಗಾಳಿ ಬೀಸುತ್ತಿತ್ತು. ಈ ಸಲ ನಿಜವಾಗಿಯೂ ಬೀಸುತ್ತಿತ್ತು, ಹಾಳೆಯ ಅಂಚು ಪಟಪಟ ಎನ್ನುತ್ತಿತ್ತು. ಅವರು ಅದರ ಮಾತೆತ್ತಲಿಲ್ಲ.

"ಎಡಕ್ಕೇ" ಎಂದರು ಅಲ್ಲಿಂದಲೇ, ಗಟ್ಟಿಯಾಗಿ. "ಒಂದು ಗೇಣು."

ಆಂಟಿ ಭುಜವನ್ನು ಒಮ್ಮೆ ತಿರುಗಿಸಿಕೊಂಡರು. "ಹಾಗಾದ್ರೆ ಈ ವರ್ಷನೂ ಇಲ್ಲ" ಎಂದರು. ನನ್ನ ಕಡೆ ನೋಡಿ, "ನೀನು ಮುಂದಿನ ಭಾನುವಾರನೂ ಹೀಗೇ ತಿರುಗಿ ನಿಂತ್ಕೋ" ಎಂದರು.