ನಡುವಿನವನು ಕೊಟ್ಟದ್ದೆಷ್ಟು

ಅವನ ಕಂಪ್ಯೂಟರ್ ಪರದೆಯ ಮೇಲೆ ಸದಾ ಮೂಗಿನ ತುದಿಯಷ್ಟು ಎಣ್ಣೆಯ ಗುರುತು ಇರುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಅಷ್ಟು ಹತ್ತಿರ ಹೋದರೂ ಅಂಕಿಗಳು ಕಲಸಿಹೋಗುತ್ತಿದ್ದವು. ಅದಕ್ಕೇ ನಮ್ಮ ವರ್ತೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಆ ಒಂಟಿ ಗಂಡಸು ನನ್ನ ಬಾಗಿಲು ತಟ್ಟಿದ್ದು. "ಆಂಟಿ, ನಿಮ್ಮದು ಕಾನ್ವೆಂಟ್ ಇಂಗ್ಲಿಷ್. ಸ್ವಲ್ಪ ಓದಿ ಹೇಳ್ತೀರಾ?"

ಓದಬೇಕಾದದ್ದು ವಿಚಿತ್ರ ವ್ಯಾಪಾರದ ಲೆಕ್ಕ. ಪುಟ್ಟ ಕಂಪ್ಯೂಟರ್ ಆಟಗಳನ್ನು ಒಟ್ಟಿಗೆ ಕಟ್ಟಿ, ಇಷ್ಟ ಬಂದಷ್ಟು ಕೊಡಿ ಎಂದು ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದರು. ಆ ಕಟ್ಟಿಗೆ ಬಂಡಲ್ ಎಂದು ಹೆಸರು. ಒಬ್ಬ ಒಂದೇ ಸೆಂಟ್ ಕೊಟ್ಟರೆ ಇನ್ನೊಬ್ಬ ನೂರು ಡಾಲರ್. ಯಾರು ಎಷ್ಟು ಕೊಟ್ಟರು, ಯಾಕೆ ಕೊಟ್ಟರು ಎಂದು ಬಿಡಿಸಿ ನೋಡುವುದು ಅವನ ಹುಚ್ಚು. ಇಂಥ ಆಟಗಳನ್ನು ತಯಾರಿಸುವವರು ಎಲ್ಲೆಲ್ಲಿಂದಲೋ ಅವನ ಸಲಹೆ ಕೇಳುತ್ತಿದ್ದರು.

ವರ್ತೂರು ಕೆರೆಯ ಕೊಳಚೆ ವಾಸನೆಗೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದೆವು. ನಾನು ಎಲೊಕ್ಯೂಷನ್ ಕ್ಲಾಸಿನವಳಂತೆ ಅಕ್ಷರ ಬಿಡಿಸಿ, ಗಟ್ಟಿಯಾಗಿ "ಆವರೇಜ್..." ಎಂದು ಶುರುಮಾಡಿದರೆ ತಡೆಯುತ್ತಿದ್ದ.

"ಆವರೇಜ್ ಬಿಡಿ ಆಂಟಿ. ಮೊದಲ ದಿನ ನಾಲ್ಕು ಜನ ಧಾರಾಳಿಗಳು ಬಂದ್ರೆ ಅದು ಉಬ್ಬಿಬಿಡತ್ತೆ. ಎಲ್ರನ್ನೂ ಕಡಿಮೆ ಕೊಟ್ಟೋರಿಂದ ಹೆಚ್ಚು ಕೊಟ್ಟೋರವರೆಗೆ ಸಾಲಾಗಿ ನಿಲ್ಲಿಸಿ, ನಡುವಿನವನು ಎಷ್ಟು ಕೊಟ್ಟ ಅಂತ ಹೇಳಿ. ಮುಂದೆ ಬರೋರು ಅವನ ಥರಾನೇ."

"ಅವನು ಮಹಾ ಜಿಪುಣ ಕಣಪ್ಪಾ. ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಇರಬೇಕು," ಎಂದರೆ ನಗುತ್ತಿದ್ದ.

ಕೊನೆಗೆ ಅವನೇ ಮಾಡಿದ ಆಟಕ್ಕೂ ಒಂದು ಬಂಡಲಿನಲ್ಲಿ ಜಾಗ ಸಿಕ್ಕಿತು. ಕಣ್ಣು ಪೂರ್ತಿ ಹೋಗುವುದರೊಳಗೆ ಎರಡನೆಯ ಆಟವನ್ನು ಮುಗಿಸಬೇಕು, ಅದೊಂದೇ ಅವನ ಹಂಬಲ. ಇದ್ದಷ್ಟು ದೃಷ್ಟಿಯನ್ನು ಅವನು ಕೆಲಸಕ್ಕೆ ಹೋಗುತ್ತಿದ್ದ ವೈಟ್‌ಫೀಲ್ಡಿನ ಆಫೀಸು ತಿನ್ನುತ್ತಿತ್ತು. ಮಾರಾಟದ ಮೊದಲ ದಿನ ನಾನು ಓದಲು ಕೂತೆ.

"ಆವರೇಜ್ ಎಷ್ಟು ಆಂಟಿ?"

ಹೇಳಿದೆ. ಚೆನ್ನಾಗಿತ್ತು. "ನಡುವಿನವನದು ಬೇಡವಾ?" ಎಂದೆ.

"ಆಮೇಲೆ ನೋಡೋಣ ಬಿಡಿ."

ಮರುದಿನವೇ ಕೆಲಸ ಬಿಟ್ಟ. ಅಷ್ಟು ಹೊತ್ತಿಗೆ ಧಾರಾಳಿಗಳು ಬಂದು ಹೋಗಿದ್ದರು; ಹಿಂದೆ ಬಂದವರೆಲ್ಲ ಚಿಲ್ಲರೆಯವರು. ಕೈಗೆ ಬಂದದ್ದು ಕೆಲವೇ ತಿಂಗಳ ಬಾಡಿಗೆಗೆ ಮುಗಿಯಿತು.

"ಬೇರೆ ಯಾರಾದ್ರೂ ಆಗಿದ್ರೆ, ಕೆಲಸ ಬಿಡಬೇಡ್ವೋ ಅಂತ ನಾನೇ ಬೈತಿದ್ದೆ," ಎಂದನೊಮ್ಮೆ. ಎರಡನೆಯ ಆಟ ಅರ್ಧದಲ್ಲಿರುವಾಗಲೇ ಕಣ್ಣು ಹೋಯಿತು. ಆಮೇಲೆ ಕಿಡ್ನಿ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ದನಿಯಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಅದಕ್ಕೊಂದು ಕೆಲಸ ಕೊಟ್ಟವನು ಅವನು. ಆಸ್ಪತ್ರೆಯಲ್ಲೂ "ಏನಾದ್ರೂ ಓದಿ ಆಂಟಿ" ಎನ್ನುತ್ತಿದ್ದ. ಓದಲು ಲೆಕ್ಕಗಳೇನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ, ವಾರ್ಡಿನ ಗೋಡೆಯ ಮೇಲಿದ್ದ ವಿಸಿಟರ್ಸ್ ರೂಲ್ಸನ್ನೇ ನಿಧಾನವಾಗಿ, ಸ್ಪಷ್ಟವಾಗಿ ಓದಿದೆ. ನಡುವೆ ಎಲ್ಲೋ ಅವನು ಹೋಗಿಬಿಟ್ಟಿದ್ದ. ನನಗೆ ತಿಳಿಯಲಿಲ್ಲ, ಕೊನೆಯ ಸಾಲಿನವರೆಗೂ ಓದಿದೆ.