ಚಿಗವ್ವನ ಚೀನಾದಾಕಿ

ಮೊನ್ನೆ ಭಾಲ್ಕಿ ಬಸ್ ನಿಲ್ದಾಣದ ಹೊರಗೆ ಸಾಣೆ ಹಿಡಿಯುವವನೊಬ್ಬ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಮಸೆಯುತ್ತಿದ್ದ. ಬಿಸಿ ಕಬ್ಬಿಣ, ಉಣ್ಣೆಯ ಜಿಡ್ಡು ಎರಡೂ ಕೂಡಿದ ಆ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗೂ ಹಿಡಿಸುವುದಿಲ್ಲ. ಆದರೂ ಬೀದರಿನ ಬಸ್ಸು ಹೊರಡುವವರೆಗೆ ಅಲ್ಲೇ ನಿಂತಿದ್ದೆ, ಚಿಗವ್ವನ ನೆನಪಾಗಿ.

ಚಿಗವ್ವ ಎಂದರೆ ಔರಾದ ತಾಲ್ಲೂಕಿನ ಡಾಬಕಾದಲ್ಲಿ ಕುರಿ ಸಾಕಿಕೊಂಡಿರುವ ನಮ್ಮ ಕಾಕಾನ ಹೆಂಡತಿ. ವರ್ಷಗಳ ಹಿಂದೆ ಪಂಚಾಯ್ತಿಯ ಮಹಿಳಾ ಮೀಸಲು ಸೀಟಿಗೆ ನಿಂತು ಗೆದ್ದಿದ್ದಳು. ಅಂದರೆ ಕಾಕಾ ಆಕೆಯನ್ನು ನಿಲ್ಲಿಸಿ ತಾನು ಗೆದ್ದಿದ್ದ. ಮೊದಲ ಸಭೆಗೆ ಆಕೆ ತಾನೇ ಹೋಗಿ ಕುರ್ಚಿಯ ಮೇಲೆ ಕೂತಾಗ ಕಾಕಾ ಜಡೆ ಹಿಡಿದು ಮನೆಗೆ ಎಳೆದುತಂದ. ಊರು ನೋಡಿತು. ಕೆಟ್ಟ ಮನುಷ್ಯ ಎಂದು ಯಾರೂ ಅನ್ನಲಿಲ್ಲ. ಎಲ್ಲರ ಮನೆಯಲ್ಲೂ ಜಡೆಗಳಿದ್ದವು.

ಆ ವಾರ ನಾನು ಡಾಬಕಾಕ್ಕೆ ಹೋಗಿದ್ದೆ. ಆಗ ನಾನು ಇತಿಹಾಸದ ಮಾಸ್ತರ. ಯಾರಾದರೂ ಅತ್ತರೆ ನೀರು ಕೊಡುವುದು ಬಿಟ್ಟು ಪಾಠ ಹೇಳುವ ಚಟ. ಚಿಗವ್ವ ಉಣ್ಣೆ ಹಿಂಜುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ನಾನು ಚೀನಾದ ಕ್ರಾಂತಿಕಾರಿ ಹೆಣ್ಣೊಬ್ಬಳ ಕಥೆ ತೆಗೆದೆ. ಹೆಣ್ಣುಮಕ್ಕಳ ಪಾದ ಕಟ್ಟಿ ಸಣ್ಣದು ಮಾಡುತ್ತಿದ್ದ ಕಾಲದಲ್ಲಿ ಶಾಲೆ ತೆರೆದು ಆ ಕಟ್ಟು ಬಿಚ್ಚಿಸಿದವಳು, ಗಿರಣಿಯ ಹೆಂಗಸರನ್ನು ಮುಷ್ಕರಕ್ಕೆ ಇಳಿಸಿದವಳು, ಗಂಡಸರ ಸಭೆಯಲ್ಲಿ ಎದ್ದು ಮಾತಾಡಿದವಳು, ಕೂದಲು ಮೋಟು ಮಾಡಿಕೊಂಡವಳು. ಅವಳ ಹೆಸರು ನನ್ನ ನಾಲಿಗೆಗೇ ಹೊರಳಲಿಲ್ಲ. ಚಿಗವ್ವ ‘ಚೀನಾದಾಕಿ’ ಎಂದು ಕರೆದು ಆ ತೊಂದರೆ ತಪ್ಪಿಸಿದಳು.

“ಆಕಿ ಗಂಡ ಸುಮ್ನ ಇದ್ದನೇನು?”

“ಅವನೂ ಅದೇ ಕೆಲಸದಾಗ ಇದ್ದ.”

“ನಸೀಬ,” ಅಂದಳು. “ಕಡೀಕ ಏನಾಯ್ತು ಆಕಿದು?”

ಇಲ್ಲಿ ಇತಿಹಾಸದ ಮಾಸ್ತರ ಸುಳ್ಳು ಹೇಳಿದ. “ದೊಡ್ಡ ಲೀಡರ್ ಆದಳು ಚಿಗವ್ವಾ. ಮೊಮ್ಮಕ್ಕಳನ್ನ ಆಡಿಸಿಕೊಂಡು ಆರಾಮ ಇದ್ದಳು.”

ಮರುದಿನ ಬೆಳಿಗ್ಗೆ ಚಿಗವ್ವ ಕುರಿ ಕತ್ತರಿಯಿಂದಲೇ ಜಡೆಯನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಕುರಿಗೆ ಬಂದಷ್ಟು ನೀಟಾಗಿ ಬರಲಿಲ್ಲ.

ನಮ್ಮ ಕಡೆ ಹೆಂಗಸು ಕೂದಲು ತೆಗೆಸಿದರೆ ದೇವರಿಗೆ ಮುಡಿ ಕೊಟ್ಟಳು ಎಂದೇ ಲೆಕ್ಕ. ಮುಡಿ ಕೊಟ್ಟವರು ನೆಂಟರಿಗೆ ಊಟ ಹಾಕಬೇಕು. ಕಮಲನಗರದ ಬೀಗರು ಸುದ್ದಿ ತಿಳಿದು ಬಂದೇಬಿಟ್ಟರು. “ಯಾವ ದೇವರಿಗಿ ಕೊಟ್ರಿ? ಊಟ ಯಾವಾಗ್ರಿ?” ಹೆಂಡತಿಯ ಬಂಡಾಯಕ್ಕಿಂತ ಹರಕೆ ಎಷ್ಟೋ ಮೇಲು ಎಂದುಕೊಂಡ ಕಾಕಾ, “ನನ್ನ ಮೊಣಕಾಲ ಬ್ಯಾನಿಗಿ ಬೇಡ್ಕೊಂಡಿದ್ದಳ್ರಿ” ಎಂದು ಟಗರು ಕೊಯ್ಯಿಸಿದ.

ಎಲ್ಲರೂ ಉಣ್ಣಲು ಕೂತಾಗ ಚಿಗವ್ವ ತಲೆಯ ಮೇಲಿನ ಸೆರಗು ಸರಿಸಿದಳು. “ಹರಕಿ ಇಲ್ಲ, ಏನಿಲ್ಲ. ಮತ್ತ ಜಡಿ ಹಿಡದು ಎಳೀಬಾರದಂತ ಕತ್ತರಸ್ಕೊಂಡೀನ್ರಿ. ನಾಳಿ ಮೀಟಿಂಗಿಗಿ ನಾನೇ ಹೋಗ್ತೇನಿ.”

ಯಾರೂ ಏಳಲಿಲ್ಲ. ಟಗರು ಆಗಲೇ ಬೆಂದಿತ್ತು. ಕಾಕಾ ತಲೆ ಬಗ್ಗಿಸಿ ಸಾರು ಬಡಿಸಿದ. ಅವಧಿ ಮುಗಿಯುವವರೆಗೂ ಆ ಕುರ್ಚಿಯಲ್ಲಿ ಚಿಗವ್ವನೇ ಕೂತಳು. ಜಡೆ ಮತ್ತೆ ಬಿಡಲಿಲ್ಲ.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಗೆ ಬಂದರೆ ಪಡಸಾಲೆಯಲ್ಲಿ ಚಿಗವ್ವನೇ! ಕಣ್ಣು ತೋರಿಸಲು ಬೀದರಿಗೆ ಬಂದಿದ್ದಳು.

“ತಮ್ಮಾ, ಮೊಮ್ಮಗಳು ಕಾಲೇಜಿನಾಗ ಭಾಷಣ ಮಾಡ್ತಾಳಂತ. ಚೀನಾದಾಕಿ ಕಥಿ ಪೂರಾ ಬರದು ಕೊಡು.”

ಬಾಯಲ್ಲಿ ಹೇಳಿದ ಸುಳ್ಳನ್ನು ಕಾಗದದ ಮೇಲೆ ಇಳಿಸಲು ಧೈರ್ಯ ಬರಲಿಲ್ಲ. “ಚಿಗವ್ವಾ, ಆಕಿ ಮೊಮ್ಮಕ್ಕಳನ್ನ ನೋಡಲೇ ಇಲ್ಲ. ಸರ್ಕಾರದವರು ಹಿಡದು ಗುಂಡು ಹೊಡದ್ರು. ಇನ್ನೂ ಸಣ್ಣ ವಯಸ್ಸು.”

ಚಿಗವ್ವ ನನ್ನನ್ನೇ ನೋಡಿದಳು. “ಯಾಕ ಸುಳ್ಳ ಹೇಳ್ದಿ?”

“ನೀ ಅಂಜ್ತಿ ಅಂತ.”

“ಅಂಜೇ ಇದ್ದೆ. ಅಂಜಕೋತನೇ ಕತ್ತರಸ್ಕೊಂಡೆ.” ಆಮೇಲೆ ಕೇಳಿದಳು: “ಆಕಿ ಮಣ್ಣಿಗಿ ಯಾರರೆ ಹೋಗಿದ್ರೇನು?”

ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಒಳಗಿಂದ ನನ್ನ ಹೆಂಡತಿ ಊಟಕ್ಕೆ ಕರೆದಳು. ಚಿಗವ್ವ ಎದ್ದು ನೇರ ಬಚ್ಚಲಿಗೆ ಹೋದಳು. ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಬೆಳ್ಳಗಾದ ಮೋಟು ಕೂದಲಿಂದ ನೀರು ಇಳಿಯುತ್ತಿರುವಾಗಲೇ ಹೊರಬಂದಳು.

“ನಮ್ಮಾಕಿ ಸತ್ತ ಸುದ್ದಿ ಕೇಳಿ ಮೈ ತೊಳಕೊಳ್ಳದ ಹ್ಯಾಂಗ ಉಣ್ಣಬೇಕು? ನೀನೂ ಹೋಗು.”

ನೀರು ಕಾಯುವವರೆಗೆ ನಿಲ್ಲದೆ ನಾನೂ ಹೋದೆ.